ಪದಚರ್ಚೆ: ಜಿಪ್ ‘ಬಿಚ್ಚುವುದು’ ಸರಿ, ‘ಶೆಲ್’ಗೆ ಏನು ಹೇಳೋಣ?

ಬಳಗದವರಿಗೆ ನಮಸ್ಕಾರ.

ಶಿಡ್ಲಘಟ್ಟದಲ್ಲಿ ನಾನೂ ನನ್ನ ಗೆಳೆಯರೊಬ್ಬರೂ ಸೇರಿ ಒಂದು ಹಳೇ 486 ಕಂಪ್ಯೂಟರಿಗೆ ಮತ್ತೆ ಜೀವ ಕೊಟ್ಟಿದ್ದೇವೆ. ಆದೇಶ ಟೈಪ್ ಮಾಡಿ ನಡೆಸುವ ಡಾಸ್ ಇದೆ, ಅದರ ಮೇಲೆ ವಿಂಡೋಸ್ 3.1 ಇದೆ. ಭಾನುವಾರ ಹೈಸ್ಕೂಲು ಮಕ್ಕಳು ಬಂದು ಕೂರುತ್ತಾರೆ. ಅವರಿಗಾಗಿ ಮಾನಿಟರ್ ಪಕ್ಕದಲ್ಲಿ ಇಡಲು ಕನ್ನಡದಲ್ಲಿ ಒಂದು ರಟ್ಟು ಬರೆಯುತ್ತಿದ್ದೇನೆ. ಫ್ಲಾಪಿಯಲ್ಲಿರುವ ಜಿಪ್ ಕಡತಗಳನ್ನು (ಹಲವು ಫೈಲ್‌ಗಳನ್ನು ಚಿಕ್ಕದು ಮಾಡಿ ಒಂದರಲ್ಲೇ ಸೇರಿಸಿಟ್ಟದ್ದು) ವಿನ್‌ಜಿಪ್‌ನಲ್ಲಿ ತೆರೆಯುವುದು ಹೇಗೆ ಅಂತ. ಅರ್ಧ ಪುಟಕ್ಕೇ ಪೆನ್ನು ನಿಂತಿದೆ. ಕಂಪ್ರೆಸ್ (ಚಿಕ್ಕದು ಮಾಡುವುದು), ಎಕ್ಸ್‌ಟ್ರಾಕ್ಟ್ (ಮತ್ತೆ ಹೊರಗೆ ತೆಗೆಯುವುದು), ಶೆಲ್ (ನಾವು ಹೇಳಿದ್ದನ್ನು ಒಳಗಿನ ಪ್ರೋಗ್ರಾಂಗೆ ಮುಟ್ಟಿಸುವ ಹೊರಪದರ). ಈ ಮೂರಕ್ಕೆ ನಿಮ್ಮ ಸಹಾಯ ಬೇಕು.

‘ಜಿಪ್ ಮಾಡು’ ಅಂದರೆ ಸಾಕು ಅಲ್ವಾ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಹೋದ ತಿಂಗಳು ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: ‘ಚಿಕ್ಕದು ಮಾಡಿದ್ರೆ ಒಳಗಿರೋದು ಸ್ವಲ್ಪ ಹೋಗಿಬಿಡಲ್ವಾ?’ ಬಹಳ ಒಳ್ಳೇ ಪ್ರಶ್ನೆ. ಏನೂ ಹೋಗುವುದಿಲ್ಲ ಅನ್ನುವುದೇ ಈ ಕೆಲಸದ ಜೀವಾಳ. ಹಾಗಾದರೆ ನಾವು ಆರಿಸುವ ಪದದಲ್ಲೂ ಅದು ಕೇಳಿಸಬೇಕು.

ಈ ಒರೆಗಲ್ಲಿಗೆ ಉಜ್ಜಿದರೆ ಹಲವು ಪದಗಳು ನಿಲ್ಲುವುದಿಲ್ಲ. ‘ಸಂಕುಚಿತ ಕಡತ’ ಅಂದರೆ ನನ್ನ ಕಿವಿಗೆ ಮೊದಲು ಬರುವುದು ಸಂಕುಚಿತ ಮನಸ್ಸು. ‘ಕುಗ್ಗಿಸು’ ಪರವಾಗಿಲ್ಲ, ಆದರೆ ಕುಗ್ಗಿದವನು ಬಲ ಕಳೆದುಕೊಂಡವನು. ‘ಹಿಂಡು’ ಅಂತೂ ಬೇಡವೇ ಬೇಡ. ಬಟ್ಟೆ ಹಿಂಡಿದರೆ ನೀರು ಹೋಯಿತು, ನಿಂಬೆಹಣ್ಣು ಹಿಂಡಿದರೆ ರಸ ಹೋಯಿತು. ‘ಹಿದುಕು’ ಇನ್ನೂ ತಿರುಗುಮುರುಗು. ನಮ್ಮ ಕಡೆ ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಈಚೆ ಬರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಒತ್ತುವುದೂ ಅದೇ, ಹೊರಗೆ ತೆಗೆಯುವುದೂ ಅದೇ.

ಜಿಪ್ ಒಳಗೆ ನಡೆಯುವುದು ಒತ್ತುವ ಕೆಲಸವೇ ಅಲ್ಲ. 1977ರಲ್ಲಿ ಲೆಂಪೆಲ್ ಮತ್ತು ಜಿವ್ ಅನ್ನುವ ಇಬ್ಬರು ತೋರಿಸಿಕೊಟ್ಟ ದಾರಿ ಅದು. ಒಂದು ಬರಹದಲ್ಲಿ ‘ರೇಷ್ಮೆಗೂಡಿನ ಮಾರುಕಟ್ಟೆ’ ಅಂತ ಹತ್ತು ಸಲ ಬಂದಿದೆ ಅನ್ನಿ. ಮೊದಲ ಸಲ ಪೂರ್ತಿ ಬರೆಯುತ್ತದೆ. ಮುಂದೆ ಬಂದಾಗ, ‘ಇಷ್ಟು ಹಿಂದಕ್ಕೆ ಹೋಗು, ಅಲ್ಲಿಂದ ಇಷ್ಟು ಅಕ್ಷರ ತಗೋ’ ಅಂತ ಎರಡು ಅಂಕಿ ಇಟ್ಟು ಮುಂದೆ ಹೋಗುತ್ತದೆ. ಜಿಪ್‌ನ ಡಿಫ್ಲೇಟ್ ವಿಧಾನದಲ್ಲಿ 32 ಕಿಲೋಬೈಟ್‌ವರೆಗೆ ಹಿಂದೆ ನೋಡಬಹುದು, ಒಂದು ಸಲಕ್ಕೆ 258 ಬೈಟ್‌ವರೆಗೆ ಎತ್ತಬಹುದು. ಆಮೇಲೆ ಹಫ್‌ಮನ್ ಸಂಕೇತ ಬಳಸಿ, ಜಾಸ್ತಿ ಬರುವುದಕ್ಕೆ ಚಿಕ್ಕ ಗುರುತು, ಅಪರೂಪಕ್ಕೆ ಬರುವುದಕ್ಕೆ ದೊಡ್ಡ ಗುರುತು ಕೊಡುತ್ತದೆ. ಮೇಲೆ ಮೇಲೆ ಮಡಚಿ ಇಟ್ಟ ಹಾಗೆ.

ಅದಕ್ಕೇ ನನ್ನ ಒಲವು ‘ಮಡಚು’ ಕಡೆಗೆ. ‘ಕಡತ’ ಅನ್ನುವ ಪದವನ್ನೇ ನೋಡಿ. ಈಗ ಫೈಲ್‌ಗೆ ಸುಮ್ನೆ ಬಳಸುತ್ತೇವೆ. ಹಿಂದೆ ಕಡತ ಅಂದರೆ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಬಳಪದಲ್ಲಿ ಲೆಕ್ಕ ಬರೆದು, ಹಿಂದೆ ಮುಂದೆ ಮಡಚಿ ಇಡುತ್ತಿದ್ದ ಪುಸ್ತಕ. ಕಡತ ಹುಟ್ಟಿದ್ದೇ ಮಡಚುವುದಕ್ಕೆ. ಮಡಚಿದರೆ ಒಂದಕ್ಷರವೂ ಕಳೆಯುವುದಿಲ್ಲ. ಜೋಡಿಯೂ ಚೆನ್ನಾಗಿ ಕೂರುತ್ತದೆ: ಛತ್ರಿ ಮಡಚುತ್ತೇವೆ, ಛತ್ರಿ ಬಿಚ್ಚುತ್ತೇವೆ.

ಈಗ ಬಿಚ್ಚುವ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನ್ನ ಊರಿನ ಹಟ ಸ್ವಲ್ಪ ಇದೆ. ರೇಷ್ಮೆ ಇಲಾಖೆಯ ಬರಹಗಳಲ್ಲಿ ರೀಲಿಂಗ್‌ಗೆ ‘ನೂಲು ಬಿಚ್ಚಾಣಿಕೆ’ ಅಂತಲೇ ಇದೆ. ಶಿಡ್ಲಘಟ್ಟದ ಬಿಚ್ಚಾಣಿಕೆ ಮನೆಗೆ ಒಮ್ಮೆ ಬಂದು ನೋಡಿ. ಗೂಡನ್ನು ಬಿಸಿನೀರಿಗೆ ಹಾಕುತ್ತಾರೆ, ಅಂಟು ಸಡಿಲವಾಗುತ್ತದೆ, ಎಳೆಯ ತುದಿ ಹುಡುಕುತ್ತಾರೆ. ತುದಿ ಸಿಕ್ಕಿತೋ, ಅಷ್ಟೂ ಎಳೆ ಒಂದೇ ಸಮನೆ ಈಚೆ ಬರುತ್ತದೆ. ಒಳ್ಳೇ ದ್ವಿತಳಿ ಗೂಡಿನಲ್ಲಿ ಸಾವಿರ ಮೀಟರ್ ಆಸುಪಾಸು. ಹೆಬ್ಬೆರಳಿನಷ್ಟು ಗೂಡಿನಲ್ಲಿ ಅಷ್ಟು ಉದ್ದದ ಎಳೆ! ಚಿಟ್ಟೆ ತೂತು ಮಾಡಿಕೊಂಡು ಹೊರಬಂದ ಗೂಡಾದರೆ ಎಳೆ ತುಂಡು ತುಂಡು, ಬಿಚ್ಚಾಣಿಕೆಗೆ ಬರುವುದಿಲ್ಲ. ಫ್ಲಾಪಿಯಲ್ಲಿ ಒಂದು ಸೆಕ್ಟರ್ (ಒಂದು ಚೂರು ಜಾಗ) ಕೆಟ್ಟ ಜಿಪ್ ಕೂಡ ಹಾಗೇ.

ಆದ್ದರಿಂದ ಎಕ್ಸ್‌ಟ್ರಾಕ್ಟ್ ಬಟನ್ನಿಗೆ ‘ಬಿಚ್ಚು’, ಆ ಕೆಲಸಕ್ಕೆ ‘ಬಿಚ್ಚಾಣಿಕೆ’ ಅಂತ ಬರೆದಿದ್ದೇನೆ. ಜಿಪ್ ಕಡತವನ್ನೇ ‘ಗೂಡು’ ಅನ್ನಲು ಮಾತ್ರ ಧೈರ್ಯ ಸಾಲುತ್ತಿಲ್ಲ. ಬಿಚ್ಚಿದ ಮೇಲೆ ರೇಷ್ಮೆಗೂಡು ಉಳಿಯುವುದಿಲ್ಲ, ಜಿಪ್ ಉಳಿಯುತ್ತದೆ. ‘ಕಟ್ಟು’ ಅಥವಾ ‘ಗಂಟು’ ಸಾಕು ಅನ್ನಿಸುತ್ತದೆ.

ಇದರಲ್ಲಿ ನನಗೆ ಇಷ್ಟು ಕಾಳಜಿ ಯಾಕೆ ಅಂದರೆ ಒಂದು ನೋವಿದೆ. 1996ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಡಿಟಿಪಿ ಕೆಲಸ ಮಾಡುತ್ತಿದ್ದೆ. ಆಗ ಅದೂ ಕೋಲಾರ ಜಿಲ್ಲೆಯೇ. ತಿಂಗಳಿಗೊಂದರಂತೆ ಹನ್ನೆರಡು ಡೈರೆಕ್ಟರಿ (ಈಗಿನ ಫೋಲ್ಡರ್), ಪ್ರತಿಯೊಂದರಲ್ಲೂ ‘ಮುಖಪುಟ’ ಅನ್ನುವ ಹೆಸರಿನ ಒಂದು ಕಡತ. ಡಾಸ್‌ನಲ್ಲಿ ಜಿಪ್ ಕಟ್ಟುವ ಪಿಕೆಜಿಪ್ ಪ್ರೋಗ್ರಾಂಗೆ ಮೈನಸ್ ಆರ್‌ಪಿ (ಒಳಗಿನ ಡೈರೆಕ್ಟರಿಗಳನ್ನೂ ಹೆಸರು ಸಮೇತ ಸೇರಿಸು ಅನ್ನುವ ಗುರುತು) ಹಾಕಿ ಸರಿಯಾಗೇ ಕಟ್ಟಿದ್ದೆ. ಬಿಚ್ಚುವಾಗ ಅದರ ಜೋಡಿ ಪಿಕೆಅನ್‌ಜಿಪ್‌ಗೆ ಮೈನಸ್ ಡಿ (ಡೈರೆಕ್ಟರಿಗಳನ್ನು ಇದ್ದ ಹಾಗೇ ಮಾಡು ಅನ್ನುವ ಗುರುತು) ಹಾಕಲು ಮರೆತೆ. ಎಲ್ಲಾ ಒಂದೇ ಡೈರೆಕ್ಟರಿಯಲ್ಲಿ ಬಂದು ಸುರಿಯಿತು. ಈ ಹೆಸರಿನದು ಆಗಲೇ ಇದೆ, ಅದರ ಮೇಲೆ ಬರೆಯಲೇ ಅಂತ ಕೇಳಿತು. ‘ಎಲ್ಲಕ್ಕೂ ಹೂಂ’ ಅಂತ ‘ಎ’ ಒತ್ತಿದೆ. ಆಮೇಲೆ ಫ್ಲಾಪಿ ಖಾಲಿ ಬೇಕಿತ್ತು ಅಂತ ಜಿಪ್ ಅಳಿಸಿದೆ. ಹನ್ನೆರಡು ಮುಖಪುಟದಲ್ಲಿ ಉಳಿದದ್ದು ಒಂದೇ.

ವಿನ್‌ಜಿಪ್‌ನಲ್ಲಿ ಆ ಮೈನಸ್ ಡಿ ಜಾಗಕ್ಕೆ ಒಂದು ಚೌಕ ಇದೆ, ಗುರುತು ಹಾಕಿದರೆ ಆಯಿತು. ಅದಕ್ಕೆ ‘ಡೈರೆಕ್ಟರಿ ಸಮೇತ ಬಿಚ್ಚು’ ಅಂತ ಬರೆದಿದ್ದೇನೆ. ‘ಮಕ್ಕಳು ಮರಿ ಸಮೇತ ಬಂದರು’ ಅನ್ನುವ ಸಮೇತ. ಇದನ್ನು ಓದಿದ ಮಕ್ಕಳು ತಪ್ಪು ಮಾಡಿಲ್ಲ.

ಇನ್ನು ಶೆಲ್. ಇದೇ ಕಷ್ಟದ್ದು.

1960ರ ದಶಕದಲ್ಲಿ ಮಲ್ಟಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಕೆಲಸದ ಹೊತ್ತಿಗೆ ಲೂಯಿ ಪೂಜಾನ್ ಈ ಹೆಸರು ಕೊಟ್ಟರು. ಒಳಗೆ ತಿರುಳು, ಹೊರಗೆ ಸಿಪ್ಪೆ ಅನ್ನುವ ಚಿತ್ರ. ನಮ್ಮ ಒಂದೇ ಕಂಪ್ಯೂಟರಿನಲ್ಲಿ ಮೂರು ಶೆಲ್ ಇವೆ. ಡಾಸ್‌ನ ಸೆಟ್ಟಿಂಗ್ ಕಡತ ಕಾನ್ಫಿಗ್.ಸಿಸ್‌ನಲ್ಲಿ ‘ಶೆಲ್’ ಸಾಲು, ನಾವು ಟೈಪ್ ಮಾಡಿದ ಆದೇಶ ಓದುವ ಕಮಾಂಡ್.ಕಾಮ್ ಕಡೆ ಕೈ ತೋರಿಸುತ್ತದೆ. ವಿಂಡೋಸ್‌ನ ಸೆಟ್ಟಿಂಗ್ ಕಡತ ಸಿಸ್ಟಮ್.ಇನಿಯಲ್ಲಿ ಅದೇ ಪದದ ಮುಂದೆ, ಐಕಾನ್‌ಗಳನ್ನು ತೋರಿಸುವ ಪ್ರೋಗ್ರಾಂ ಮ್ಯಾನೇಜರ್ ಇದೆ. ಮೂರನೆಯದು ವಿನ್‌ಜಿಪ್. ನಿಕೋ ಮ್ಯಾಕ್ ಇದನ್ನು 1991ರಲ್ಲಿ ತಂದಾಗ ಅದು ಪಿಕೆಜಿಪ್‌ಗೆ ಹಾಕಿದ ಚಿತ್ರದ ಹೊದಿಕೆ ಅಷ್ಟೇ. ನಮ್ಮಲ್ಲಿರುವುದೂ ಅಂಥ ಮೊದಮೊದಲ ಆವೃತ್ತಿ. ಬಟನ್ ಒತ್ತಿದ ತಕ್ಷಣ ಒಂದು ಕಪ್ಪು ಡಾಸ್ ಪರದೆ ಮಿಂಚಿ ಹೋಗುತ್ತದೆ. ನಿಜವಾದ ಕೆಲಸ ಅಲ್ಲಿ ನಡೆಯುತ್ತದೆ. ಪಿಕೆಅನ್‌ಜಿಪ್ ಅಳಿಸಿಬಿಟ್ಟರೆ ಬಟನ್ನುಗಳಿಗೆ ಕೈಕಾಲೇ ಇಲ್ಲ.

ಇದಕ್ಕೆ ‘ಚಿಪ್ಪು’ ಅನ್ನೋಣ ಅಂದರು ಗೆಳೆಯರು. ‘ಕೈಗೆ ಚಿಪ್ಪು ಕೊಟ್ಟರು’ ಅನ್ನುವ ಮಾತು ಅಷ್ಟು ಗಟ್ಟಿಯಾಗಿರುವಾಗ ನನಗೆ ಮನಸ್ಸಾಗಲಿಲ್ಲ. ‘ಸಿಪ್ಪೆ’ ಬಿಸಾಕುವ ವಸ್ತು. ‘ಗವಸು’ ಮುಚ್ಚುತ್ತದೆ, ಮಾತಾಡಿಸುವುದಿಲ್ಲ.

ನನಗೆ ಹೊಳೆದದ್ದು ‘ಜಗಲಿ’. ಬಂದವರು ಜಗಲಿಯಲ್ಲಿ ಕೂತು ಬೇಕಾದ್ದನ್ನು ಕೇಳುತ್ತಾರೆ, ಒಳಗಿನವರು ತಂದುಕೊಡುತ್ತಾರೆ. ಅಡುಗೆಮನೆಯಲ್ಲಿ ಯಾವ ಡಬ್ಬ ಎಲ್ಲಿದೆ ಅಂತ ಕೂತವರು ತಿಳಿದಿರಬೇಕಿಲ್ಲ. ‘ವಿನ್‌ಜಿಪ್ ಅಂದರೆ ಪಿಕೆಜಿಪ್‌ನ ಜಗಲಿ’ ಅಂದಾಗ ಆ ಹುಡುಗಿಗೆ ಮತ್ತೆ ವಿವರಿಸಬೇಕಾಗಲಿಲ್ಲ.

ತೊಡಕು ಒಂದಿದೆ. ಮುಂದಿನ ಆವೃತ್ತಿಗಳಲ್ಲಿ ಜಿಪ್ ಬಿಚ್ಚುವ ಕೆಲಸ ವಿನ್‌ಜಿಪ್ ಒಳಗೇ ಸೇರಿಕೊಂಡಿತು, ಎಆರ್‌ಜೆ ಥರದ ಬೇರೆ ಕಟ್ಟುಗಳಿಗೆ ಮಾತ್ರ ಹೊರಗಿನ ಪ್ರೋಗ್ರಾಂ ಬೇಕಿತ್ತು. ಆಗಲೂ ಅದನ್ನು ಜಗಲಿ ಅನ್ನಬಹುದಾ? ಕಮಾಂಡ್.ಕಾಮ್‌ಗೂ ಈ ಪದ ಹೊಂದುತ್ತದಾ, ಇಲ್ಲ ಅದಕ್ಕೆ ‘ಶೆಲ್’ ಅಂತಲೇ ಬಿಡುವುದಾ? ತಿಪಟೂರು, ಕೋಲಾರದ ಕಡೆಯವರು ಬೇರೆ ಪದ ಹೇಳುವುದಾದರೆ ದಯವಿಟ್ಟು ಬರೆಯಿರಿ.

ಜೊತೆಗೆ ಇನ್ನೊಂದು. ವಿನ್‌ಜಿಪ್‌ನಲ್ಲಿ ಕಟ್ಟಿಗೆ ಕಡತ ಸೇರಿಸುವ ಆಡ್ ಕಿಟಕಿಯಲ್ಲಿ ‘ಫ್ರೆಶನ್’, ‘ಅಪ್‌ಡೇಟ್’ ಅಂತ ಎರಡು ಆಯ್ಕೆ ಇವೆ. ಮೊದಲನೆಯದು ಕಟ್ಟಿನಲ್ಲಿ ಆಗಲೇ ಇರುವ ಕಡತಗಳನ್ನಷ್ಟೇ ಹೊಸ ಪ್ರತಿಗೆ ಬದಲಿಸುತ್ತದೆ. ಎರಡನೆಯದು ಅದನ್ನೂ ಮಾಡಿ, ಕಟ್ಟಿನಲ್ಲಿ ಇಲ್ಲದ್ದನ್ನೂ ಸೇರಿಸುತ್ತದೆ. ಎರಡಕ್ಕೂ ನನ್ನ ಬಾಯಿಗೆ ಬರುವುದು ‘ಹೊಸದು ಮಾಡು’ ಒಂದೇ. ಇವೆರಡನ್ನೂ ಬೇರೆ ಬೇರೆ ಮಾಡಿ ಹೇಳುವ ಎರಡು ಚಿಕ್ಕ ಪದ ಯಾರ ಹತ್ತಿರವಾದರೂ ಇದೆಯಾ?