ಸಹಾಯ ಬೇಕು: ಬಚ್ಚಲಲ್ಲಿ ಬಿದ್ದರೆ ತಿಳಿಸುವ ಸೆನ್ಸರ್ ಎಲ್ಲಿ ಹಾಕಬೇಕು?

ಎಲ್ಲರಿಗೂ ನಮಸ್ಕಾರ. ಹಿರಿಯರ ವಸತಿ ಸಮುಚ್ಚಯವೊಂದನ್ನು ನೋಡಿಕೊಳ್ಳುತ್ತೇನೆ. ಯಾರಾದರೂ ಬಿದ್ದರೆ ತಕ್ಷಣ ಗೊತ್ತಾಗಬೇಕು, ನಮಗೆ ಬೇಕಿರುವುದು ಅಷ್ಟೇ. ಅದೇ ಆಗುತ್ತಿಲ್ಲ.

ಮೊದಲು ಬಿದ್ದರೆ ಗುರುತಿಸುವ ವಾಚ್ ಕೊಟ್ಟೆವು. ಜೋರಾಗಿ ಪೆಟ್ಟು ಬಿದ್ದು ಆಮೇಲೆ ಅಲುಗಾಟ ನಿಂತರೆ ಅದು ಅಲಾರಂ ಕೊಡುತ್ತದೆ. ಆದರೆ ವಯಸ್ಸಾದವರು ಎಷ್ಟೋ ಸಲ ಗೋಡೆ ಹಿಡಿದುಕೊಂಡೇ ಮೆಲ್ಲಗೆ ಕುಸಿಯುತ್ತಾರೆ. ಆಗ ವಾಚ್ ಸುಮ್ನೆ ಇರುತ್ತದೆ. ಮೇಜಿಗೆ ಕೈ ಬಡಿದರೆ ಮಾತ್ರ ಕೂಗಿಕೊಳ್ಳುತ್ತದೆ! ಸ್ನಾನಕ್ಕೆ ಹೋಗುವಾಗಂತೂ ಬಿಚ್ಚಿಡುತ್ತಾರೆ. ಜಾರುವ ಭಯ ಜಾಸ್ತಿ ಇರುವುದೇ ಅಲ್ಲಿ, ಅಲ್ವಾ?

ಬಚ್ಚಲಲ್ಲಿ ದಾರ ಎಳೆಯುವ ಬೆಲ್ ಇದೆ. ಬಿದ್ದವರ ಕೈಗೆ ಸಿಗಲೆಂದು ದಾರವನ್ನು ನೆಲದವರೆಗೆ ಇಳಿಬಿಟ್ಟರೆ, ನೆಲ ಒರೆಸುವವರು ಅಡ್ಡ ಬರುತ್ತದೆಂದು ಕಂಬಿಗೆ ಸುತ್ತಿಬಿಡುತ್ತಾರೆ. ಪ್ರಜ್ಞೆ ತಪ್ಪಿದವರಿಗೆ ಅದೂ ಪ್ರಯೋಜನವಿಲ್ಲ. ಕ್ಯಾಮೆರಾ ಮಾತೇ ಬೇಡ, ನಾನೇ ಒಪ್ಪುವುದಿಲ್ಲ.

ಈಗ 60 ಗಿಗಾಹರ್ಟ್ಸ್ ರೇಡಾರ್ ಸೆನ್ಸರ್ (ರೇಡಿಯೋ ಅಲೆಗಳಿಂದ ಕೋಣೆಯಲ್ಲಿರುವವರನ್ನು ಗುರುತಿಸುವ ಸಾಧನ) ಹಾಕಿ ನೋಡುತ್ತಿದ್ದೇವೆ. ಚಿತ್ರ ತೆಗೆಯುವುದಿಲ್ಲ, ಕತ್ತಲಲ್ಲೂ ಕೆಲಸ ಮಾಡುತ್ತದೆ. ಮಲಗುವ ಕೋಣೆಯಲ್ಲಿ ತೊಂದರೆ ಇಲ್ಲ. ಬಚ್ಚಲಲ್ಲಿ ಸ್ಟೂಲ್ ಮೇಲೆ ಕೂತು ಸ್ನಾನ ಮಾಡಿದರೂ ಬಿದ್ದರು ಎನ್ನುತ್ತದೆ. ಎಷ್ಟು ಎತ್ತರಕ್ಕಿಂತ ಕೆಳಗಿದ್ದರೆ ಬಿದ್ದರು ಅನ್ನಬೇಕು ಎನ್ನುವ ಮಿತಿಯನ್ನು ಇಳಿಸಿದರೆ, ಗೋಡೆಗೆ ಒರಗಿ ನೆಲದಲ್ಲಿ ಕೂತವರನ್ನು ಗುರುತಿಸುವುದೇ ಇಲ್ಲ.

ಸೆನ್ಸರ್ ಈಗ ಗೋಡೆಯಲ್ಲಿದೆ. ಚಾವಣಿಗೆ ಬದಲಿಸಿದರೆ ಸ್ಟೂಲ್ ಮೇಲೆ ಕೂತವರು, ನೆಲದಲ್ಲಿ ಕುಸಿದವರು ಅನ್ನುವ ವ್ಯತ್ಯಾಸ ಅದಕ್ಕೆ ತಿಳಿಯುತ್ತದಾ? ಅಥವಾ ಗೋಡೆಯಲ್ಲೇ ಬಿಟ್ಟು, ಸ್ಟೂಲ್ ಇರುವ ಜಾಗಕ್ಕೆ ಮಾತ್ರ ಅಲಾರಂ ತಡವಾಗಿ ಬರುವಂತೆ ಇಡುವುದು ಒಳ್ಳೆಯದಾ? ಬಚ್ಚಲಲ್ಲಿ ಬಳಸಿ ನೋಡಿದವರು ದಯವಿಟ್ಟು ತಿಳಿಸಿ.