ಅಪ್‌ಡೇಟ್: ರಿಸೀವರ್ ಮೂಲಕ ಬಾರದ 4ಕೆ ಚಿತ್ರ ಈಗ ಬಂತು

ಸ್ಟ್ರೀಮಿಂಗ್ ಬಾಕ್ಸನ್ನು ಎವಿ ರಿಸೀವರ್ (ಚಿತ್ರವನ್ನು ಟಿವಿಗೆ ದಾಟಿಸಿ, ಶಬ್ದವನ್ನು ಸ್ಪೀಕರ್‌ಗಳಿಗೆ ಕೊಡುವ ಪೆಟ್ಟಿಗೆ) ಮೂಲಕ ಟಿವಿಗೆ ಹಾಕಿದರೆ ಮೆನು ಕಾಣುತ್ತದೆ, 4ಕೆ ಸಿನಿಮಾ ಹಾಕಿದ ಕೂಡಲೇ ಪರದೆ ಕಪ್ಪಾಗುತ್ತದೆ, ಏನು ಮಾಡಲಿ ಅಂತ ಹಿಂದೆ ಕೇಳಿದ್ದೆ. ಕೇಬಲ್ ಬದಲಿಸಿ ಅಂದವರೇ ಜಾಸ್ತಿ. ಬದಲಿಸಿದೆ, ಏನೂ ಆಗಲಿಲ್ಲ.

ತೊಂದರೆ ಇದ್ದದ್ದು ರಿಸೀವರ್‌ನಲ್ಲೇ. ಅದು 4ಕೆ ದಾಟಿಸುತ್ತದೆ, ನಿಜ. ಆದರೆ ಎಚ್‌ಡಿಸಿಪಿ 2.2 ಇಲ್ಲ. ಕಾಪಿ ತಡೆಯುವ ಈ ಬೀಗಕ್ಕೆ ಬಾಕ್ಸ್, ರಿಸೀವರ್, ಟಿವಿ ಮೂರೂ ಒಪ್ಪಬೇಕು. ಡಬ್ಬದ ಮೇಲೆ ‘4ಕೆ’ ಅಂತ ದಪ್ಪಗೆ ಹಾಕಿ, ಇದನ್ನು ಬರೆಯದೆ ಬಿಡುತ್ತಾರಲ್ಲ, ಏನು ಹೇಳೋದು!

ಈಗ ಬಾಕ್ಸ್ ನೇರ ಟಿವಿಗೆ. ಅಲ್ಲಿಂದ ಎಆರ್‌ಸಿ ಪೋರ್ಟ್ (ಟಿವಿಯ ಶಬ್ದವನ್ನು ಹೊರಗೆ ಕಳಿಸಬಲ್ಲ ಎಚ್‌ಡಿಎಂಐ ಕಿಂಡಿ) ಮೂಲಕ ಶಬ್ದ ರಿಸೀವರ್‌ಗೆ ಹೋಗುತ್ತದೆ. ಡಾಲ್ಬಿ 5.1 ಸರೌಂಡ್ ಶಬ್ದ ಚೆನ್ನಾಗಿ ಬರುತ್ತಿದೆ. ಬ್ಲೂ-ರೇ ಡಿಸ್ಕ್‌ನ ಟ್ರೂಎಚ್‌ಡಿ ಎಂಬ ಇನ್ನೂ ಉತ್ತಮ ಗುಣಮಟ್ಟದ ಶಬ್ದ ಮಾತ್ರ ಈ ದಾರಿಯಲ್ಲಿ ಹೋಗುವುದಿಲ್ಲ. ನನ್ನ ಹತ್ತಿರ ಬ್ಲೂ-ರೇ ಪ್ಲೇಯರೇ ಇಲ್ಲ, ಹಾಗಾಗಿ ಹೊಸ ರಿಸೀವರ್ ಸದ್ಯಕ್ಕೆ ಬೇಡ.