ಅಪ್‌ಡೇಟ್: ಅಪ್ಪನ ಧ್ವನಿಸಂದೇಶಗಳು ಐಫೋನ್‌ಗೆ ಬಂದವು

ಆಂಡ್ರಾಯ್ಡ್ ಬಿಟ್ಟು ಐಫೋನ್‌ಗೆ ಹೋಗುವಾಗ ತೀರಿಕೊಂಡ ಅಪ್ಪನ ವಾಟ್ಸ್‌ಆ್ಯಪ್ ಧ್ವನಿಸಂದೇಶಗಳನ್ನು ಉಳಿಸಿಕೊಳ್ಳುವುದು ಹೇಗೆಂದು ಕಳೆದ ವಾರ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ಗೂಗಲ್ ಡ್ರೈವ್‌ನ ಬ್ಯಾಕಪ್ ಐಫೋನ್‌ನಲ್ಲಿ ತೆರೆದುಕೊಳ್ಳುವುದಿಲ್ಲವಾದ್ದರಿಂದ, ಆಗಲೇ ಬಳಸತೊಡಗಿದ್ದ ಹೊಸ ಫೋನನ್ನು ಪೂರ್ತಿ ಅಳಿಸಿ, ಎರಡನ್ನೂ ಚಾರ್ಜರಿಗೆ ಹಾಕಿ, ಹಳೆಯದರಲ್ಲಿ ‘ಮೂವ್ ಟು ಐಒಎಸ್’ (ಐಫೋನನ್ನು ಮೊದಲ ಸಲ ಸಜ್ಜುಗೊಳಿಸುವಾಗ ಆಂಡ್ರಾಯ್ಡ್‌ನ ಡೇಟಾವನ್ನು ಅದಕ್ಕೆ ಸಾಗಿಸುವ ಆ್ಯಪಲ್‌ನ ಆ್ಯಪ್) ತೆರೆದು, ಹೊಸದರಲ್ಲಿ ಮೂಡಿದ ಸಂಕೇತವನ್ನು ನಮೂದಿಸಿ, ಪಟ್ಟಿಯಲ್ಲಿ ವಾಟ್ಸ್‌ಆ್ಯಪನ್ನು ಆರಿಸಿದೆ. ಸುಮಾರು ಎರಡು ಗಂಟೆ ಹಿಡಿಯಿತು. ನಡುವೆ ವರ್ಗಾವಣೆ ಕಡಿದೀತೆಂದು ಅಷ್ಟು ಹೊತ್ತೂ ಹಳೆಯ ಫೋನನ್ನು ಮುಟ್ಟಲಿಲ್ಲ. ಆಮೇಲೆ ಅದೇ ಮೊಬೈಲ್ ಸಂಖ್ಯೆಯಿಂದ ಲಾಗಿನ್ ಆದಾಗ, ‘ಊಟ ಆಯ್ತೇನಪ್ಪಾ’ ಎನ್ನುವ ಹನ್ನೊಂದು ಸೆಕೆಂಡಿನ ಸಂದೇಶ, ಹಿನ್ನೆಲೆಯ ಕುಕ್ಕರ್ ಕೂಗಿನ ಸಮೇತ, ಮೊದಲಿನಂತೆಯೇ ಕೇಳಿಸಿತು. ಕರೆಗಳ ಪಟ್ಟಿ ಬರಲಿಲ್ಲ, ನನಗೆ ಅದು ಮುಖ್ಯವೂ ಅಲ್ಲ. ಐಕ್ಲೌಡ್ ಬ್ಯಾಕಪ್ ಮುಗಿಯುವವರೆಗೆ ಹಳೆಯ ಫೋನನ್ನು ಅಳಿಸುವುದಿಲ್ಲ.